ಅಮ್ಮನ ಮಂಚಕ್ಕೆ ಕಟ್ಟಿದ ಕೊಡೆ

"ಪ್ಲಂಬರ್ರಾ? ಈ ಮನೆಗಾ? ನನ್ನ ಕೈಕಾಲು ಗಟ್ಟಿಯಿರೋ ತನಕ ಆ ಮಾತೇ ಇಲ್ಲ!"

ಭಾನುವಾರ ಬೆಳಿಗ್ಗೆ, ಹಳೇ ಬನಿಯನ್ನು ತೊಟ್ಟು, ಸ್ಪ್ಯಾನರನ್ನು ಗದೆಯ ಹಾಗೆ ಹೆಗಲಿಗೇರಿಸಿ, ಬಚ್ಚಲುಮನೆಯ ಹೊಸ್ತಿಲಲ್ಲಿ ನಿಂತು ಸಂಧಾನಕಾರರು ಮಾಡಿದ ಭೀಷಣ ಪ್ರತಿಜ್ಞೆ ಇದು.

ಸಂಧಾನ ಅವರ ಕಸುಬು. ಕೋರ್ಟಿನ ಮೆಟ್ಟಿಲು ಹತ್ತಿ ಬಂದ ಗಂಡಹೆಂಡಿರನ್ನು ಎದುರುಬದುರು ಕೂರಿಸಿ, "ಮೊದಲು ಮಾತಾಡಿದವರು ಸೋತ ಹಾಗಲ್ಲ" ಎಂದು ದನಿಗೆ ಬೆಣ್ಣೆ ಸವರಿ ಹೇಳಿ, ಒಡೆದ ಸಂಸಾರಕ್ಕೆ ಬೆಸುಗೆ ಹಾಕಿ ಕಳಿಸುವ ಪುಣ್ಯಾತ್ಮರು. ಇಂಥ ಪುಣ್ಯಾತ್ಮರು ಒಡಹುಟ್ಟಿದ ತಮ್ಮನ ಜತೆ ಮಾತು ಬಿಟ್ಟು ವರ್ಷಗಳಾಗಿದ್ದವು! ಅಪ್ಪ ಕಟ್ಟಿಸಿದ ಮನೆ ಪಾಲಾದಾಗ, ಹಿತ್ತಲ ಬಾಗಿಲ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಘನಗಂಭೀರ ವಿಷಯಕ್ಕೆ ಹತ್ತಿಕೊಂಡ ಜಗಳ. ಅಣ್ಣನಿಗೆ ಮಹಡಿ, ತಮ್ಮನಿಗೆ ಕೆಳಮನೆ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಕಳಕೊಂಡ ಅಮ್ಮ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಕೆಳಗೇ ಉಳಿದರು. ಅಣ್ಣನಿಗೆ ಕರುಳಿಲ್ಲ ಅನ್ನಬೇಡಿ. ತಪ್ಪದೆ ಹಣ್ಣು ಕಳಿಸುತ್ತಿದ್ದರು. ಹೆಂಡತಿಯ ಕೈಲಿ.

ಹಣ್ಣು ಕೊಟ್ಟು ಬಂದ ಆ ಹೆಂಡತಿಯೇ ಹಿಂದಿನ ದಿನ ಬುಟ್ಟಿ ಕುಕ್ಕಿ ಹೇಳಿದ್ದರು: "ಅತ್ತೆ ಮಂಚಕ್ಕೆ ಕೊಡೆ ಕಟ್ಟಿದ್ದಾರೆ."

"ಕೊಡೆಯಾ? ಮನೆಯೊಳಗೆ?"

"ಹೌದು. ನಮ್ಮ ಸಿಂಕಿನ ಕೆಳಗಿನ ಪೈಪ್ ಸೋರಿ ಸೋರಿ ಅವರ ಸೂರು ಕೊಳೆತಿದೆ. ಟಪ್ ಟಪ್ ಅಂತ ನೇರ ಅವರ ಎದೆ ಮೇಲೆ. ಕೆಮ್ಮು ಬೇರೆ ಶುರುವಾಗಿದೆ ಕಣ್ರೀ."

"ಅವನು ಬಂದು ಒಂದು ಮಾತು ಹೇಳಬಹುದಿತ್ತಲ್ಲ!"

"ನೀವು ಇಳಿದು ಹೋಗಿ ಒಂದು ಸಲ ನೋಡಬಹುದಿತ್ತಲ್ಲ!"

ಸಿಂಕಿನ ಕೆಳಗೆ ಇಟ್ಟ ಮಗ್ಗು ತುಂಬಿ ಚೆಲ್ಲುವುದನ್ನು ಸಂಧಾನಕಾರರೂ ನೋಡಿದ್ದರು. ಚೆಲ್ಲಿದ ನೀರು ಎಲ್ಲಿಗೋ ಹೋಗುತ್ತದೆ ಬಿಡು ಅಂದುಕೊಂಡಿದ್ದರು. ನೀರಿಗೆ ಪಾಲುಪಟ್ಟಿ ಗೊತ್ತಿಲ್ಲ ನೋಡಿ, ಸೀದಾ ಹೆತ್ತವಳ ಹತ್ತಿರವೇ ಹೋಗಿತ್ತು. ಮೇಲಿನವನು ಮಗ್ಗು ಇಟ್ಟ, ಕೆಳಗಿನವನು ಕೊಡೆ ಕಟ್ಟಿದ. ಇಬ್ಬರು ಗಂಡಸರ ಮರ್ಯಾದೆ ಕಾಯೋಕೆ ಒಂದು ಹಾಸಿಗೆ ಹಿಡಿದ ಜೀವ ನೆನೆಯಬೇಕಾಯಿತು!

ಸೋರುತ್ತಿದ್ದದ್ದು ಸಿಂಕಿಗೆ ನೀರು ಬಿಡುವ ಪುಟ್ಟ ನಲ್ಲಿ, ಅಂದರೆ ಆಂಗಲ್ ಕಾಕು, ಗೋಡೆಗೆ ಸೇರುವ ಜಾಗದಲ್ಲಿ. ಅದನ್ನು ಬಿಚ್ಚಬೇಕಾದರೆ ಮೊದಲು ಮನೆಯ ನೀರನ್ನೇ ನಿಲ್ಲಿಸಬೇಕು. ನೀರು ನಿಲ್ಲಿಸುವ ವಾಲ್ವು ಇದ್ದದ್ದು ತಮ್ಮನ ಅಡುಗೆಮನೆಯ ಗೋಡೆಯಲ್ಲಿ. ಪ್ಲಂಬರ್ ಬೇಡ ಅಂದದ್ದರ ಗುಟ್ಟು ಇಷ್ಟೇ. ಅವನು ಬಂದ ತಕ್ಷಣ ಕೇಳುವ ಮೊದಲ ಪ್ರಶ್ನೆ, "ವಾಲ್ವು ಎಲ್ಲಿದೆ ಸಾರ್?"

"ನಾನೇ ಹೋಗಿ ನಿಲ್ಲಿಸಿ ಅಂತೀನಿ" ಎಂದರು ಹೆಂಡತಿ.

"ಬೇಡ! ನೀನು ಕೇಳಿದರೂ ನಾನೇ ಕೇಳಿದ ಹಾಗೆ."

"ಹಂಗಾದ್ರೆ ನೀರು ಬರ್ತಿರುವಾಗಲೇ ಬಿಚ್ತೀರಾ?"

"ಬಿಚ್ಚಲ್ಲ ಕಣೇ, ಬಿಗಿ ಮಾಡ್ತೀನಿ. ಒಂದೇ ಒಂದು ಸುತ್ತು!"

ಸಿಂಕಿನ ಕೆಳಗೆ ಸಂಧಾನಕಾರರು ಅಂಗಾತ ಮಲಗಿ ತೂರಿಕೊಂಡರು. ಹೊಟ್ಟೆ ಹೊರಗುಳಿಯಿತು. ಒಂದು ಸುತ್ತು ಬಿಗಿದರು. ಹನಿ ನಿಂತಿತು!

"ನೋಡಿದ್ಯಾ?"

"ನೋಡಿದೆ. ಈಗ ಎದ್ದು ಬನ್ನಿ."

ಅಲ್ಲಿಗೆ ಎದ್ದಿದ್ದರೆ ಅವರು ಗಂಡನೇ ಅಲ್ಲ. "ಗಟ್ಟಿಗಿರಲಿ" ಎಂದು ಇನ್ನೊಂದು ಸುತ್ತು ಕೊಟ್ಟರು. 'ಕಟ್' ಎಂದಿತು. ಕಾಕು ಅವರ ಕೈಗೇ ಬಂತು! ಅದರ ಹಿಂದೆಯೇ ಗೋಡೆಯಿಂದ ನೀರು ಬಾಣದ ಹಾಗೆ ಚಿಮ್ಮಿ ಮೂಗು, ಬಾಯಿ, ಕಿವಿ ಯಾವುದಕ್ಕೂ ಭೇದ ಮಾಡದೆ ನುಗ್ಗಿತು.

ಹೆಂಡತಿ ಟವೆಲು ಸುತ್ತಿ ಆ ತೂತಿಗೆ ಒತ್ತಿ ಹಿಡಿದರು. ಮೊಣಕೈವರೆಗೂ ನೀರು ಇಳಿಯುತ್ತಿತ್ತು.

"ನೀನು ಹೋಗಿ ಹೇಳೇ, ವಾಲ್ವು..."

"ನಾನು ಕೈ ಬಿಟ್ಟರೆ ಅತ್ತೆ ಮಂಚ ತೇಲುತ್ತೆ! ಮೊದಲು ಮಾತಾಡಿದವರು ಸೋತ ಹಾಗಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ, ಹೋಗ್ರೀ!"

ಸಂಧಾನಕಾರರು ತೊಟ್ಟಿಕ್ಕುತ್ತಾ ಮೆಟ್ಟಿಲಿಳಿದರು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರು.

ಅಮ್ಮ ಇಷ್ಟೇ ಇಷ್ಟಾಗಿದ್ದರು. ತಲೆದಿಂಬಿನ ಪಕ್ಕದ ಸರಳಿಗೆ ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಕರಿ ಕೊಡೆಯೊಂದನ್ನು ಬಿಗಿದಿದ್ದರು. ಅದರ ಮೇಲೆ ಸೂರಿನ ನೀರು ತಮಟೆ ಬಾರಿಸುತ್ತಿತ್ತು. ತಮ್ಮ ಬಕೆಟ್ಟು ಹಿಡಿದು ನಿಂತಿದ್ದ. ಅಣ್ಣನನ್ನು ಕಂಡವನೇ ಗೋಡೆ ಕಡೆ ತಿರುಗಿದ.

ಅಣ್ಣ ಗಂಟಲು ಸರಿಮಾಡಿಕೊಂಡು ಅಮ್ಮನಿಗೆ ಹೇಳಿದರು: "ಅಮ್ಮಾ, ವಾಲ್ವು ನಿಲ್ಲಿಸೋಕೆ ಹೇಳು ಅವನಿಗೆ."

ತಮ್ಮನೂ ಅಮ್ಮನಿಗೇ ಹೇಳಿದ: "ಅಮ್ಮಾ, ಬೇಕಾದವರು ಬಾಯಿಬಿಟ್ಟು ನನ್ನನ್ನೇ ಕೇಳಲಿ ಅಂತ ಹೇಳು."

"ಅಮ್ಮಾ, ಇದು ಹಟ ಮಾಡೋ ಹೊತ್ತಲ್ಲ ಅನ್ನು!"

"ಅಮ್ಮಾ, ಇಷ್ಟು ದಿನ ಹಟ ಮಾಡಿದ್ದು ಯಾರು ಅಂತ ಕೇಳು!"

ಮಾತೇ ಬಾರದ ತಾಯಿಯನ್ನು ನಡುವೆ ಇಟ್ಟುಕೊಂಡು ಈ ಸಂಧಾನ! ಅಮ್ಮನ ಕಣ್ಣು ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ಹೊರಳುತ್ತಿತ್ತು. ನಡುನಡುವೆ ಕೆಮ್ಮು. ಆ ಕೆಮ್ಮನ್ನೂ ಇಬ್ಬರೂ ತಂತಮ್ಮ ಪರವಾದ ತೀರ್ಪು ಅಂದುಕೊಂಡು ದನಿ ಏರಿಸಿದರು.

ಅಷ್ಟರಲ್ಲಿ ಸೂರಿನಿಂದ ಗಾರೆಯ ದೊಡ್ಡ ಹಕ್ಕಳೆ ಕಳಚಿ ಧೊಪ್ಪನೆ ಕೊಡೆಯ ಮೇಲೆ ಬಿತ್ತು. ಕೊಡೆ ಇಲ್ಲದಿದ್ದರೆ ಅದು ಬೀಳುತ್ತಿದ್ದದ್ದು ಎಲ್ಲಿ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಒಟ್ಟಿಗೇ ಅಡುಗೆಮನೆಗೆ ಓಡಿದರು, ಬಾಗಿಲಲ್ಲಿ ಸಿಕ್ಕಿಕೊಂಡರು, ಬಿಡಿಸಿಕೊಂಡು ಒಂದೇ ವಾಲ್ವಿಗೆ ನಾಲ್ಕು ಕೈ ಹಾಕಿದರು.

"ಬಲಕ್ಕೆ ತಿರುಗಿಸೋ!"

"ಎಡಕ್ಕೆ! ನನ್ನ ಮನೆ ವಾಲ್ವು, ನನಗೆ ಗೊತ್ತಿಲ್ವಾ?"

ವರ್ಷಗಳ ಮೌನ ಮುರಿದ ಮಂಗಳವಾಕ್ಯ ಇದು! ಒಬ್ಬ ಅತ್ತ, ಒಬ್ಬ ಇತ್ತ ತಿರುಗಿಸಿ ವಾಲ್ವು ಅಲ್ಲಾಡದೆ ಕೂತಿತು. ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬಂದ ತಮ್ಮನ ಹೆಂಡತಿ ಖಾಲಿ ಬುಟ್ಟಿಯಿಂದಲೇ ಗಂಡನನ್ನು ತಳ್ಳಿ, "ಸರೀರಿ ಭಾವ" ಎಂದು ಮೈಯೆಲ್ಲ ಸಿಟ್ಟಾಗಿ ಬಲಕ್ಕೊಂದು ತಿರುವು ಕೊಟ್ಟಳು. ನೀರು ನಿಂತಿತು.

ಅಣ್ಣತಮ್ಮ ಜಂಬದಿಂದಲೇ ಅಮ್ಮನ ಕೋಣೆಗೆ ಮರಳಿದರು. ತಮ್ಮ ಒದ್ದೆ ಹೊದಿಕೆ ಬದಲಾಯಿಸಿದ. ಅಣ್ಣ ಗಾರೆ ಗೋರಿ ಹಾಕಿ, ಕೊಡೆಯ ಕಟ್ಟು ಬಿಚ್ಚಿ, ಮಡಿಸಿ, ಅಮ್ಮನ ಎಡಗೈ ಪಕ್ಕ ಇಟ್ಟರು. ಸೂರಿನಲ್ಲಿ ಉಳಿದಿದ್ದ ಕೊನೆಯ ಹನಿಯೂ ಬಿದ್ದು ಮುಗಿಯಿತು.

"ಎಲ್ಲ ಸರಿಹೋಯ್ತಮ್ಮ. ನಾವಿಬ್ಬರೂ ಇದ್ದೀವಲ್ಲ, ಇನ್ನು ಕೊಡೆ ಯಾಕೆ?" ಎಂದರು ಸಂಧಾನಕಾರರು, ಕೋರ್ಟಿನ ಬೆಣ್ಣೆದನಿಯಲ್ಲಿ.

"ಹೌದಮ್ಮ, ಇನ್ನು ಯಾಕೆ?" ಎಂದ ತಮ್ಮ.

ಅಮ್ಮ ದೊಡ್ಡವನನ್ನು ನೋಡಿದರು. ಚಿಕ್ಕವನನ್ನು ನೋಡಿದರು. ಇಬ್ಬರನ್ನೂ ಹೆತ್ತವರು, ಅವರಿಗೆ ಗೊತ್ತಿಲ್ಲದ್ದೇನು? ಎಡಗೈ ಮೆಲ್ಲಗೆ ತಡಕಾಡಿ ಕೊಡೆಯ ಹಿಡಿಯನ್ನು ಹುಡುಕಿತು. ಹೆಬ್ಬೆರಳು ಬಟನ್ ಒತ್ತಿತು.

ಟಪ್! ಕೊಡೆ ಬಿಚ್ಚಿಕೊಂಡಿತು.