ಪುನರ್ಪುಳಿ ಶರಬತ್ತು ಮತ್ತು ಮದ್ಯವರ್ಜನ ಶಿಬಿರ

ಐದು ಕಿಲೋ ಸಕ್ಕರೆ ಉಳಿಸಲು ಹೋಗಿ ನಾನು ತೆತ್ತದ್ದು ಇಷ್ಟು: ಒಂದು ಹೊಸ ಬಿಳಿ ಅಂಗಿ, ಮತ್ತು ಹೆಂಡತಿಯ ತವರಿನಲ್ಲಿ ನನಗಿದ್ದ ಮರ್ಯಾದೆ. ಅಂಗಿಯನ್ನು ಇನ್ನೂ ತಿಕ್ಕುತ್ತಿದ್ದೇವೆ. ಮರ್ಯಾದೆಯನ್ನು ತಿಕ್ಕಿ ಪ್ರಯೋಜನವಿಲ್ಲ.

ಸೈಕಲ್ಲಿನಲ್ಲಿ ಪಾತ್ರೆ ಮಾರುತ್ತ ಮೇಲೆ ಬಂದು ಕಾಪುವಿನಲ್ಲಿ ಅಂಗಡಿ ಇಟ್ಟವನು ನಾನು. ಹೇಳಿದ ದರಕ್ಕೆ ವಸ್ತು ಕೊಂಡರೆ ಆ ದಿನ ನನಗೆ ಊಟ ಸೇರುವುದಿಲ್ಲ. ಹಾಗಾಗಿ, ಕಾರ್ಕಳದ ಹತ್ತಿರ ನಡೆಯುತ್ತಿದ್ದ ಮದ್ಯವರ್ಜನ ಶಿಬಿರದ ಸಮಾರೋಪಕ್ಕೆ ಶರಬತ್ತು ತರಿಸುತ್ತಾರೆಂದು ತಿಳಿದದ್ದೇ, "ಅಂಗಡಿಯದ್ದರಲ್ಲಿ ಎಂತ ಉಂಟು, ಬರೀ ಬಣ್ಣ! ನಾನೇ ಮಾಡಿ ತರ್ತೇನೆ" ಎಂದುಬಿಟ್ಟೆ. ಆ ಶಿಬಿರದಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣ ಸಂಜೀವ ಭಾವ ಇದ್ದರು. ಅವರು ಕುಡಿತ ಬಿಡಲಿ ಎಂದು ಸುಮತಿ ಹೇಳಿಕೊಳ್ಳದ ಹರಕೆಯಿರಲಿಲ್ಲ.

ಆದಿ ಉಡುಪಿಯ ಸಂತೆಯಲ್ಲಿ ಚೌಕಾಸಿ ಮಾಡಿ ಹೆಬ್ರಿ ಕಡೆಯ ಪುನರ್ಪುಳಿ, ಅಂದರೆ ಕೋಕಂ ಹಣ್ಣು, ತಂದೆ. ಆರೋಗ್ಯಕ್ಕೆಂದು ಶುಂಠಿ, ಏಲಕ್ಕಿ, ಲಾವಂಚದ ಬೇರು ಸೇರಿಸಿದೆ. ಸಕ್ಕರೆ ಎಷ್ಟೆಂದು ಅತ್ತೆಗೆ ಫೋನ್ ಮಾಡಿದೆ.

"ಸಿಪ್ಪೆಯ ಎರಡರಷ್ಟು."

"ಎರಡರಷ್ಟಾ! ಕೊನೆಯ ಮಾತು ಹೇಳಿ ಅತ್ತೆ."

"ಇದರಲ್ಲಿ ಕೊನೆಯ ಮಾತು ಎಂತ ಉಂಟು ಅಳಿಯಂದಿರೇ? ಕಡಿಮೆ ಹಾಕಿದರೆ ಹುಳಿ ಬರ್ತದೆ."

"ಹೆಸರಲ್ಲೇ ಪುಳಿ ಉಂಟಲ್ಲ, ಇನ್ನೆಂತ ಬರುವುದು?"

ಅರ್ಧಕ್ಕೆ ಇತ್ಯರ್ಥವಾಯಿತು! ಅತ್ತೆ ಸೋತರು. ಸಕ್ಕರೆ ಸೋಲಲಿಲ್ಲ.

ಕೆಲವು ದಿನ ಬಿಟ್ಟು, ಶರಬತ್ತು ತುಂಬಿಸಿಟ್ಟ ಕ್ಯಾನುಗಳಿಂದ ಗುಳುಗುಳು ಸದ್ದು.

"ಇದೆಂತ ಮಾರಾಯ್ರೇ, ಮಾತಾಡ್ತದೆ?" ಎಂದಳು ಸುಮತಿ.

"ಲಾವಂಚದ ಔಷಧಗುಣ ಏಳ್ತಾ ಉಂಟು" ಎಂದು ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದೆ.

ಸಮಾರೋಪದ ದಿನ, ತುಂಬಿದ ಸಭೆಯ ಎದುರು ಮುಚ್ಚಳ ತಿರುಗಿಸಿದೆ. ಢಂ! ಮುಚ್ಚಳ ಮೇಲೆ ಮಾಡಿನ ಹಂಚಿಗೆ, ಶರಬತ್ತು ನನ್ನ ಅಂಗಿಗೆ. "ಫ್ರೆಶ್ ಮಾಲು!" ಎಂದು ನಕ್ಕು, ಮೊದಲ ಲೋಟವನ್ನು ಸಂಜೀವ ಭಾವನಿಗೇ ಕೊಟ್ಟೆ. ಭಾವ ಅದನ್ನು ಮೂಗಿನ ಹತ್ತಿರ ತಂದರು. ಮೆಲ್ಲಗೆ ಕೆಳಗಿಟ್ಟರು.

"ಭಾವ, ನಾನು ಬಿಟ್ಟದ್ದು ಇದನ್ನೇ ಅಲ್ವಾ?" ಎಂದು ನನ್ನನ್ನು ಕೇಳಿದರು.

ಸುಮತಿಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಅಲ್ಲಿಗೇ ಕೈಮುಗಿದು ಎಲ್ಲವನ್ನೂ ಚರಂಡಿಗೆ ಸುರಿದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ವ್ಯಾಪಾರಿ! ಗಿರಾಕಿಗೆ ಸಂಶಯ ಬಂದರೆ ಮಾಲನ್ನು ಎದುರಿಗೇ ಬಳಸಿ ತೋರಿಸುವುದು ನಮ್ಮ ಕ್ರಮ. "ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನು ನಾನು, ನೋಡಿ!" ಎಂದು ಖಾಲಿ ಹೊಟ್ಟೆಗೆ ಲೋಟದ ಮೇಲೆ ಲೋಟ ಇಳಿಸಿದೆ. ಆಮೇಲೆ ಮೈಕ್ ಹಿಡಿದು ಕುಡಿತದ ದುಷ್ಪರಿಣಾಮಗಳ ಕುರಿತು ಭಾಷಣ ಮಾಡಿದೆನಂತೆ. ಪ್ರಾತ್ಯಕ್ಷಿಕೆ ಸಮೇತ!

ಮನೆಯವರೆಗೆ ಕಾರು ಓಡಿಸಿದ್ದು ಸಂಜೀವ ಭಾವ. ಹಿಂದೆ ಎಷ್ಟೋ ಸಲ ಅವರನ್ನು ಹೀಗೆ ಮನೆ ಮುಟ್ಟಿಸಿ, ಮೆಟ್ಟಿಲಲ್ಲೇ ನಿಲ್ಲಿಸಿ ಬುದ್ಧಿ ಹೇಳಿದವನು ನಾನು. ಅವರು ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿಸಿದರು. ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಅಣ್ಣಾ, ಮುಂದಿನ ಶಿಬಿರಕ್ಕೆ ಇವರ ಹೆಸರು ಬರೆಸು" ಎಂದಳು ಸುಮತಿ.

ಭಾವ ಇಂದಿಗೂ ಮುಟ್ಟಿಲ್ಲ. ನಾನೂ ಬಿಟ್ಟಿದ್ದೇನೆ!

ಆದ್ದರಿಂದ ನನ್ನ ಮಾತು ಕೇಳಿ. ಹಣ್ಣಿನವರ ಜೊತೆ ಚೌಕಾಸಿ ಮಾಡಿ, ಬೇರಿನವರ ಜೊತೆಯೂ ಮಾಡಿ. ಸಕ್ಕರೆಯ ಜೊತೆ ಬೇಡ. ಶರಬತ್ತು ಮಾತಾಡತೊಡಗಿದರೆ ಉತ್ತರ ಕೊಡದೆ ಚೆಲ್ಲಿಬಿಡಿ. ಇಷ್ಟರ ಮೇಲೂ ಸಂಶಯವಿದ್ದರೆ ನಮ್ಮ ಅಂಗಡಿಗೆ ಬನ್ನಿ, ನಿಂಬೆ ಶರಬತ್ತು ಕೊಡುತ್ತೇನೆ. ಸಕ್ಕರೆ ಮಾತ್ರ ನೀವೇ ಹಾಕಿಕೊಳ್ಳಿ.