ಹದಿನಾರನೇ ಪುಟ ಬರೆದವರಿಗೆ, ಹುಲ್ಲಿನ ಮಿಷನ್ ವಿಷಯವಾಗಿ

ಮಾನ್ಯರೇ,

ಮೊದಲು ಕಾಲಿನ ಮೇಲಿಂದ ಕಾಲು ಇಳಿಸಿ, ಕೈಯಲ್ಲಿರುವ ಫೋನನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಈ ಕಾಗದ ಓದಬೇಕಾಗಿ ವಿನಂತಿ. ದಿನಕ್ಕೆ ನೂರು ಬರುತ್ತವೆ, ಇದೂ ಒಂದು ಎಂದು ಮಗ್ಗುಲಿಗೆ ಸರಿಸಿದರೆ ಈ ಮುದುಕಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ; ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳನ್ನು ಸಾಕಿದವಳು ನಾನು, ಮಾತು ಕೇಳಿಸಿಕೊಳ್ಳುವವರು ಯಾರು, ಕೇಳಿಸಿಕೊಂಡ ಹಾಗೆ ತಲೆ ಆಡಿಸುವವರು ಯಾರು ಎಂಬುದು ನನಗೆ ಇಲ್ಲಿಂದಲೇ ಕಾಣುತ್ತದೆ. ಬಂದ ಕೂಡಲೇ ಬೈದಳಲ್ಲಾ ಎಂದು ಬೇಸರ ಬೇಡ. ತಮಗೂ, ತಮ್ಮ ಕಂಪನಿಗೂ, ತಮ್ಮ ಮನೆಮಂದಿಗೂ ನಮ್ಮೂರಿನ ಸಮಸ್ತರ ಪರವಾಗಿ ನಮಸ್ಕಾರಗಳು.

ನಾನು ದೊಡ್ಡಲಕ್ಷ್ಮಮ್ಮ. ಹೊಂಗನೂರಿನ ಹತ್ತಿರ ಬಸ್ಸಿಳಿದು ಒಂದು ಮೈಲಿ ನಡೆದರೆ ನಮ್ಮೂರು. ರೇಷ್ಮೆ ಹುಳು ಸಾಕುವುದು ಕಸುಬು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದ್ದರಿಂದ ಈ ಕಾಗದದ ಅಕ್ಷರ ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗಳು ಸುಮನಾಳದ್ದು, ಮಾತು ಮಾತ್ರ ನನ್ನದು. ಅವಳು ನಡುನಡುವೆ ಪೆನ್ನು ಕೆಳಗಿಟ್ಟು "ಅಜ್ಜೀ, ದೊಡ್ಡೋರಿಗೆ ಹಿಂಗೆಲ್ಲಾ ಬರೀಬಾರ್ದು ಕಣಜ್ಜಿ" ಎನ್ನುತ್ತಿದ್ದಾಳೆ. ಅದನ್ನೂ ಬರೆ ಎಂದು ಬರೆಸಿದ್ದೇನೆ.

ಈ ಸುಮನಾ ನಮ್ಮ ಹೈಸ್ಕೂಲಿನ ಖೋಖೋ ತಂಡಕ್ಕೆ ಕ್ಯಾಪ್ಟನ್. ತಾಲ್ಲೂಕು ಮಟ್ಟದ ಪಂದ್ಯ ಈ ಸಾರಿ ನಮ್ಮ ಶಾಲೆಯ ಬಯಲಿನಲ್ಲೇ ಎಂದು ಗೊತ್ತಾಗಿತ್ತು. ಮಳೆಗೆ ಅಲ್ಲಿ ಹುಲ್ಲು ಮಂಡಿ ಮುಟ್ಟಿತ್ತು. ಆಟದ ಮೇಷ್ಟ್ರು ದೇವರಾಜ್ ಬಂದು ನೋಡಿ, ಶುಕ್ರವಾರದೊಳಗೆ ಹುಲ್ಲು ಕತ್ತರಿಸದಿದ್ದರೆ ಪಂದ್ಯ ಚನ್ನಪಟ್ಟಣಕ್ಕೆ ಹೋಗುತ್ತದೆ ಎಂದುಬಿಟ್ಟರು. ಹೋದರೆ ಹೋಗಲಿ, ಚನ್ನಪಟ್ಟಣವೇನು ಕಾಶಿಯೇ ಎಂದು ತಾವು ಕೇಳಬಹುದು. ಬಸ್ಸು ಹತ್ತಿದರೆ ನನಗೆ ವಾಂತಿ, ಸ್ವಾಮಿ. ಹೋದ ವರ್ಷ ಕೆಂಗಲ್ ಆಂಜನೇಯನ ದರ್ಶನಕ್ಕೆ ಹೊರಟು, ಹೊಂಗನೂರು ದಾಟುವುದರೊಳಗೆ ಶಾಲೆಯ ಕಮಿಟಿಯ ಚೆಲುವಯ್ಯನ ಮಡಿ ಪಂಚೆಯ ಮೇಲೆ ಆಗಬಾರದ್ದು ಆಗಿ, ದೇವರಿಗೆ ಅಲ್ಲಿಂದಲೇ ಕೈಮುಗಿದು ವಾಪಸು ನಡೆದುಕೊಂಡು ಬಂದೆ. ಅಂದಮೇಲೆ ಪಂದ್ಯ ಊರು ಬಿಟ್ಟರೆ ನನ್ನ ಮೊಮ್ಮಗಳು ಕಂಬ ಮುಟ್ಟುವುದನ್ನು ನಾನು ಈ ಜನ್ಮದಲ್ಲಿ ನೋಡುವ ಹಾಗಿರಲಿಲ್ಲ. ಎರಡು ವರ್ಷದಿಂದ ಅವಳ ಮಂಡಿಯ ಗಾಯಕ್ಕೆ ಅರಿಶಿನ ಹಚ್ಚಿದ್ದೇನೆಯೇ ಹೊರತು, ಆ ಗಾಯ ಆಗುವುದನ್ನು ಒಂದು ಸಾರಿಯೂ ನೋಡಿದವಳಲ್ಲ.

ಕುಡುಗೋಲಿನಲ್ಲಿ ಕೊಯ್ಯಬಹುದಿತ್ತಲ್ಲ ಎಂದರೆ, ಕೊಯ್ದ ಮೇಲೆ ಉಳಿಯುವ ಕೂಳೆ ಮುಳ್ಳಿನ ಹಾಗೆ ನಿಂತು, ಹಾರಿ ಬೀಳುವ ಮಕ್ಕಳ ಕೈಕಾಲಿಗೆ ಚುಚ್ಚುತ್ತದೆ; ಬುಡ ಸಮ ಸವರಲು ಮಿಷನ್ನೇ ಬೇಕು. ಚೆಲುವಯ್ಯನೂ ಒಂದು ಉಪಾಯ ಹೇಳಿದ: "ಮಿಷನ್ನು ಯಾತಕ್ಕೆ ದೊಡ್ಡಲಕ್ಷ್ಮಕ್ಕ, ನಮ್ ಕುರಿ ಬುಟ್ರೆ ಎರಡೇ ದಿನಕ್ಕೆ ಬೋಳಿಸಾಕ್ತವೆ." ನಾನು "ಕುರಿ ಮುಂದ್ಗಡೆ ಮೇಯ್ಕಂಡ್ ಹೋಯ್ತದೆ, ಹಿಂದ್ಗಡೆ ಏನ್ ಬುಟ್ಟೋಯ್ತದೋ ಅದ್ರ ಮೇಲೆ ನಿನ್ ಮೊಮ್ಮಗಳ್ನ ಉರುಳ್ಸಪ್ಪ" ಎಂದೆ. ಅಷ್ಟರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ತಮ್ಮ ಕಂಪನಿಯ ಹುಲ್ಲು ಕತ್ತರಿಸುವ ಯಂತ್ರ ಕೊಡಿಸಿದರು. ಕೆಂಪು ಬಣ್ಣ, ನಾಲ್ಕು ಚಕ್ರ, ಎಳೆದು ಶುರು ಮಾಡಲು ಒಂದು ಹಗ್ಗ. ನೋಡಲು ಮದುವೆಗೆ ಸಿಂಗರಿಸಿದ ಹಾಗಿತ್ತು. ಶಾಲೆಯ ಕೋಣೆ ಸೋರುತ್ತದೆಂದು, ಸೋಮವಾರ ಅದನ್ನು ಬೀಗವಿರುವ ನಮ್ಮ ಹುಳು ಮನೆಯಲ್ಲಿ ಇಳಿಸಿದರು.

ಹುಳು ಮನೆ ಎಂದರೆ ಏನೆಂದು ತಮಗೆ ಗೊತ್ತಿರಲಾರದು. ಹಳೆ ಬೆಳೆ ಮುಗಿದು ಹೊಸ ಮರಿ ಬರುವುದಕ್ಕೆ ಮುಂಚೆ ನೆಲ, ಗೋಡೆ, ತಟ್ಟೆ ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುತ್ತೇವೆ. ಆಮೇಲೆ ಒಳಗೆ ಬರುವವರು ಯಾರೇ ಆಗಲಿ, ತೊಳೆದುಕೊಂಡೇ ಬರಬೇಕು, ಇಲ್ಲದಿದ್ದರೆ ರೋಗ ಹೊಕ್ಕು ಒಂದು ಹುಳುವೂ ಗೂಡು ಕಟ್ಟುವುದಿಲ್ಲ. ನನ್ನ ಸ್ವಂತ ಅಳಿಯನನ್ನೇ ಕಾಲು ತೊಳೆಸದೆ ಒಳಗೆ ಬಿಟ್ಟವಳಲ್ಲ ನಾನು. ಎಲ್ಲೆಲ್ಲಿಯ ಧೂಳು ಹೊತ್ತು ಲಾರಿಯಲ್ಲಿ ಬಂದ ತಮ್ಮ ಯಂತ್ರವನ್ನು ಬಿಡುತ್ತೇನೆಯೇ? ಬಾಗಿಲಲ್ಲೇ ನಿಲ್ಲಿಸಿ, ಬಿಚ್ಚಲು ಬಂದ ಮುಚ್ಚಳ ಬಿಚ್ಚಿ, ನಾಲ್ಕು ಬಿಂದಿಗೆ ಬ್ಲೀಚಿಂಗ್ ನೀರು ಹೊಯ್ದು ಅಭ್ಯಂಜನ ಮಾಡಿಸಿ ಒಳಗೆ ಕರೆದುಕೊಂಡೆ. ಅತಿಥಿ ಸತ್ಕಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಮಂಗಳವಾರ ಬಯಲಿಗೆ ಒಯ್ದು ಪೆಟ್ರೋಲು ಹಾಕಿ ಹಗ್ಗ ಎಳೆದರೆ, ಯಂತ್ರ ಒಂದು ಸಾರಿ ಕೆಮ್ಮಿ ಮೌನವ್ರತ ಹಿಡಿಯಿತು. ದೇವರಾಜ್ ಮೇಷ್ಟ್ರು ಎಳೆದರು. ತಂಡದ ಹನ್ನೆರಡು ಹುಡುಗಿಯರೂ ಎಳೆದರು. ಚೆಲುವಯ್ಯ ಪಂಚೆ ಎತ್ತಿ ಕಟ್ಟಿ ಎಷ್ಟು ಜೋರಾಗಿ ಎಳೆದನೆಂದರೆ, ಯಂತ್ರ ಅಲ್ಲೇ ನಿಂತಿತ್ತು, ಅವನು ಹುಲ್ಲಿನೊಳಗೆ ಕಾಣೆಯಾದ. ನಾನು ಬೈದು ನೋಡಿದೆ. ನಮ್ಮ ಮನೆಯಲ್ಲಿ ಬೈದರೂ ಶುರುವಾಗದ್ದು ಎಂದರೆ ಇದೊಂದೇ.

ಆಗ ಸುಮನಾ ಯಂತ್ರದ ಜೊತೆ ಬಂದ ತಮ್ಮ ಪುಸ್ತಕ ತಂದು 'ಯಂತ್ರ ಚಾಲನೆಯಾಗದಿದ್ದರೆ' ಎಂಬ ಹದಿನಾರನೇ ಪುಟ ತೆಗೆದಳು. ಆ ಪುಟವನ್ನು ಎಷ್ಟು ಹೊಗಳಿದರೂ ಸಾಲದು. ಟ್ಯಾಂಕಿನಲ್ಲಿ ಇಂಧನ ಇದೆಯೇ ನೋಡಿ ಎಂದು ಮೊದಲನೇ ಸಾಲಿನಲ್ಲೇ ಕೇಳಿದ್ದೀರಿ; ಒಲೆಯ ಮುಂದೆ ಐವತ್ತು ವರ್ಷ ಕೂತವಳಿಗೆ ಸೌದೆ ಇದೆಯೇ ನೋಡು ಎಂದ ಹಾಗಾಯಿತು, ತಿಳಿವಳಿಕೆಗೆ ಕೃತಜ್ಞತೆಗಳು. ಎಳೆಯುವಾಗ ಹಿಡಿಕೆಯ ಕಂಬಿ ಒತ್ತಿ ಹಿಡಿಯಿರಿ ಎಂದಿದ್ದೀರಿ, ಹಿಡಿದೆವು. ಆಯಿಲ್ ನೋಡಿ ಎಂದಿದ್ದೀರಿ, ನೋಡಿದೆವು. ಅದೂ ನಮ್ಮನ್ನು ನೋಡಿತು. ಐದನೇ ಸಾಲಿನಲ್ಲಿ, ಗಾಳಿ ಹೋಗುವ ಡಬ್ಬಿ ತೆರೆದು ಒಳಗಿನ ಸ್ಪಂಜು ಪೂರ್ತಿ ಒಣಗಿರುವಂತೆ ನೋಡಿಕೊಳ್ಳಿ ಎಂದಿತ್ತು. ತೆರೆದರೆ ಸ್ಪಂಜು ತೊಪ್ಪೆಯಾಗಿತ್ತು.

ಇಲ್ಲಿ ತಮ್ಮ ಮುಖ್ಯವಾದ ಅಪರಾಧ ಬರುತ್ತದೆ, ಕನ್ನಡಕ ಒರೆಸಿಕೊಂಡು ಓದಿ. ಒಣಗಿರಲಿ ಎಂದು ಬರೆದಿರೇ ಹೊರತು, ಹೇಗೆ ಒಣಗಿಸಬೇಕೆಂದು ಬರೆಯಲಿಲ್ಲ. ರೇಷ್ಮೆ ಹುಳು ಪೊರೆ ಬಿಡಲು ಅಲುಗದೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಹಾಸಿಗೆ ಒದ್ದೆ ಇರಬಾರದೆಂದು ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿಂದ ಉದುರಿಸಿ, ಒಂದು ದಿನ ಮುಟ್ಟದೆ ಬಿಡುತ್ತೇವೆ. ಮಾರನೇ ದಿನ ಹುಳು ತಾನೇ ತಲೆ ಎತ್ತುತ್ತದೆ. ತಮ್ಮ ಯಂತ್ರವೂ ಅಲುಗದೆ ಕೂತಿತ್ತು, ಅದರ ಹಾಸಿಗೆಯೂ ಒದ್ದೆಯಾಗಿತ್ತು. ಬುಧವಾರ ಆ ಡಬ್ಬಿಯ ತುಂಬ ಒಳ್ಳೆಯ ಜಾತಿಯ ಸುಣ್ಣ ಉದುರಿಸಿ, ಮುಚ್ಚಳ ಹಾಕಿ, ಸದ್ದು ಮಾಡಬೇಡಿ ಎಂದು ಮಕ್ಕಳನ್ನೂ ಗದರಿಸಿ ಇಟ್ಟೆ. ಗುರುವಾರ ಎಳೆದರೆ ಕೆಮ್ಮೂ ಇಲ್ಲ.

ತಮ್ಮ ಕಂಪನಿಗೆ ಫೋನು ಮಾಡಿದೆವು. ಒಬ್ಬ ಹೆಣ್ಣುಮಗಳು ತುಂಬ ಮರ್ಯಾದೆಯಿಂದ ಒಂದು ಒತ್ತಿ, ಎರಡು ಒತ್ತಿ ಎಂದಳು, ಒತ್ತಿದೆವು, ಆಮೇಲೆ ಅರ್ಧ ಗಂಟೆ ಸಂಗೀತ ಹಾಕಿದರು. ಸಂಗೀತ ಚೆನ್ನಾಗಿತ್ತು. ಹುಲ್ಲು ಇದ್ದ ಹಾಗೇ ಇತ್ತು. ಸುಮನಾ ಆ ದಿನ ಊಟ ಬಿಟ್ಟು, "ನೀನು ನೋಡ್ದಿದ್ರೆ ನಾನ್ ಆಡಿ ಏನ್ ಬಂತಜ್ಜಿ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಈ ಸಾಲು ಬರೆಯಲು ಅವಳಿಗೆ ಇಷ್ಟವಿಲ್ಲ, ಬರೆಸುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿಯ ಮುನ್ನೀ ಬಂದಳು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅಲ್ಲಿನ ಯಂತ್ರ ಕೆಟ್ಟರೆ ಅವಳೇ ಬಿಚ್ಚಿ ಜೋಡಿಸುತ್ತಾಳೆ. ಮಗಳು ಅಸ್ರಾ ಇದೇ ತಂಡದಲ್ಲಿ ಆಡುವವಳು. ಮುನ್ನೀ ಡಬ್ಬಿ ತೆರೆದು ನೋಡಿ, ಅಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕು, "ಅಯ್ಯೋ ಅಜ್ಜಿ, ಮೂಗ್ನಾಗೆ ಒಂದ್ ಸೇರು ಸುಣ್ಣ ತುಂಬುದ್ರೆ ಉಸ್ರು ಎಲ್ಲಿಂದ ಬುಟ್ಟಾತು ಇದು!" ಎಂದಳು. ಸ್ಪಂಜನ್ನು ಸೋಪು ನೀರಿನಲ್ಲಿ ಹಿಂಡಿ ಹಿಂಡಿ ತೊಳೆದು ಬಿಸಿಲಿಗೆ ಹಾಕಿದಳು, ಪ್ಲಗ್ಗು ಬಿಚ್ಚಿ ದುಪಟ್ಟಾ ತುದಿಯಲ್ಲಿ ಒರೆಸಿದಳು, ನೀರು ಸೇರಿದ್ದ ಪೆಟ್ರೋಲು ಚೆಲ್ಲಿ ಹೊಸದು ಹಾಕಿಸಿದಳು. ಸ್ಪಂಜು ಒಣಗಿದ ಮೇಲೆ ಹಗ್ಗ ಎಳೆದಳು. ಎರಡನೇ ಎಳೆತಕ್ಕೆ ಯಂತ್ರ ಎಂಥ ಸದ್ದು ಮಾಡಿ ಎದ್ದಿತೆಂದರೆ, ಚೆಲುವಯ್ಯನ ಕುರಿಗಳು ಪಕ್ಕದೂರಿಗೆ ನೆಂಟಸ್ತನಕ್ಕೆ ಹೋದವು.

ಸಂಜೆಯೊಳಗೆ ಆಟದ ಜಾಗವಷ್ಟೂ ಕ್ಷೌರ ಮಾಡಿದ ಹಾಗಾಯಿತು. ಶನಿವಾರ ಪಂದ್ಯ ನಮ್ಮೂರಿನಲ್ಲೇ ನಡೆಯಿತು. ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಸುಮನಾ ಗಾಳಿಯಲ್ಲಿ ಉದ್ದಕ್ಕೆ ಮಲಗಿದ ಹಾಗೆ ಹಾರಿ, ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಎದುರು ತಂಡದವಳ ಬೆನ್ನು ಮುಟ್ಟಿ, ಹಸಿರು ಮಂಡಿಯಲ್ಲಿ ಎದ್ದು ನಿಂತು ಮೊದಲು ನೋಡಿದ್ದು ನನ್ನ ಕುರ್ಚಿಯ ಕಡೆ. ಎರಡು ಪಾಯಿಂಟಿನಿಂದ ಗೆದ್ದರು. ನಾನು ಎಷ್ಟು ಕೂಗಿದೆನೆಂದರೆ, ಮೂರು ದಿನ ಸೊಸೆಯಂದಿರು ನೆಮ್ಮದಿಯಾಗಿದ್ದರು.

ಹಾಗಾದರೆ ದೂರು ಏನು ಎನ್ನುತ್ತೀರಾ? ಗೆದ್ದದ್ದೇ ದೂರು. ಗೆದ್ದವರಿಗೆ ಮುಂದಿನ ತಿಂಗಳು ಜಿಲ್ಲಾ ಮಟ್ಟದ ಪಂದ್ಯ, ಅದು ಕನಕಪುರದಲ್ಲಿ. ತಮ್ಮ ಯಂತ್ರ ಹಟ ಬಿಡದೆ ಕೂತಿದ್ದರೆ ನನಗೆ ಈ ಪಾಡಿರಲಿಲ್ಲ. ಈಗ ಒಂದು ಸಾರಿ ನೋಡಿ ರುಚಿ ಹತ್ತಿದೆ. ತಮ್ಮ ಪುಸ್ತಕದ ಕೊನೆಯ ಪುಟದಲ್ಲಿ, ಮೇಲೆ ಕೂತು ಓಡಿಸುವಂಥ ದೊಡ್ಡ ಹುಲ್ಲಿನ ಮಿಷನ್ನಿನ ಚಿತ್ರವಿದೆ. ಮುಚ್ಚಿದ ಕಿಟಕಿಯಿಲ್ಲ, ಡೀಸೆಲ್ ವಾಸನೆಯ ಜನಜಂಗುಳಿಯಿಲ್ಲ, ನಾಲ್ಕೂ ಕಡೆ ಗಾಳಿ. ಅದರಲ್ಲಿ ಕೂತರೆ ನನಗೆ ವಾಂತಿ ಬರುವುದಿಲ್ಲ ಎಂದು ನನ್ನ ಹೊಟ್ಟೆ ಹೇಳುತ್ತಿದೆ. ಆದ್ದರಿಂದ ಅದನ್ನು ಹತ್ತು ದಿನದ ಮಟ್ಟಿಗೆ ನಮ್ಮೂರಿಗೆ ಕಳುಹಿಸಿಕೊಡಬೇಕು. ವೇಗ ಕಡಿಮೆ ಎಂಬ ಸಂಕೋಚ ಬೇಡ, ನಾಲ್ಕು ದಿನ ಮುಂಚೆಯೇ ಬುತ್ತಿ ಕಟ್ಟಿಕೊಂಡು ಹೊರಡುತ್ತೇನೆ. ಬಾಡಿಗೆಯ ಬದಲಿಗೆ ಇಲ್ಲಿಂದ ಕನಕಪುರದವರೆಗೆ ರಸ್ತೆಯ ಎಡಗಡೆಯ ಹುಲ್ಲನ್ನು ಹೋಗುವಾಗಲೂ, ಬಲಗಡೆಯದನ್ನು ಬರುವಾಗಲೂ ಕತ್ತರಿಸಿ, ತಮ್ಮ ಕಂಪನಿಯ ಕೀರ್ತಿಯನ್ನು ಜಿಲ್ಲೆಯಲ್ಲಿ ಹರಡುತ್ತೇನೆ.

ಇಷ್ಟೆಲ್ಲಾ ಆದಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದೊಡ್ಡಲಕ್ಷ್ಮಮ್ಮ

ತಾ.ಕ.: ಆ ಚಿತ್ರದಲ್ಲಿ ಸೀಟಿನ ಮೇಲೆ ಬೂಟು ಹಾಕಿಕೊಂಡು ಹಲ್ಲು ಕಿರಿಯುತ್ತಾ ಕೂತಿರುವ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಜೀವನದಲ್ಲಿ ಒಂದು ಸಾರಿಯೂ ಹಗ್ಗ ಎಳೆದವನ ಮುಖ ಅದಲ್ಲ. ಹದಿನಾರನೇ ಪುಟ ಬರೆದವರು ಅವರೇ ಇರಬಹುದೆಂದು ನನ್ನ ಗುಮಾನಿ. ಅವರನ್ನು ಮೊದಲು ಕೆಳಗಿಳಿಸಿ ಆಮೇಲೆ ಯಂತ್ರ ಕಳುಹಿಸಿ, ಮತ್ತು ಯಾವ ದಿನ ಬರುತ್ತದೆಂದು ಮುಂದಿನ ತಿಂಗಳ ಒಂದನೇ ತಾರೀಕಿಗೆ ಮುಂಚೆ, ಸಂಗೀತ ಹಾಕದೆ, ಉತ್ತರ ಬರೆಯಿರಿ.