ಮಾವನ ಕಣ್ಣಿಗೆ ಬಿದ್ದ ನನ್ನ ಮೀಸೆ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಕುರುಗೋಡಿನ ಶಾಲೆಯಲ್ಲಿ, ಏಳನೇ ಕ್ಲಾಸಿಗೆ. ಅಂದು ಸ್ಪ್ಯಾನರ್ ಹಿಡಿದವನು ಇಂದಿಗೂ ಯಾರಿಗೂ ತಲೆ ಬಾಗಿಸಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸ್ವಂತ ಆಟೋ ಗ್ಯಾರೇಜು, ಮುಖದ ಮೇಲೆ ಪೊದೆಯಂಥ ಮೀಸೆ! ಆದರೆ ನನ್ನ ಸೋದರಮಾವನ ಮುಂದೆ ನಾನು ಯಾವ ಲೆಕ್ಕ? ಶಾಲೆಯ ಮೆಟ್ಟಿಲೇ ಹತ್ತದೆ ಡಾಕ್ಟರಾದವನು ಅವನು!

ನಂಬುವುದಿಲ್ಲವೇ? ತಿಂಗಳಿಗೊಮ್ಮೆ ಸಿರುಗುಪ್ಪದಿಂದ ಬಸ್ಸು ಹತ್ತಿ, ಬಿ.ಪಿ. ಗುಳಿಗೆಗೆಂದು ಬಳ್ಳಾರಿಯ ಕ್ಲಿನಿಕ್ಕಿಗೆ ಬರುತ್ತಾನೆ. ಬೆಂಚಿನ ಮೇಲೆ ಕೂತ ಮುದುಕರ ರೋಗವೆಲ್ಲ ಡಾಕ್ಟರಿಗಿಂತ ಮೊದಲೇ ಅವನಿಗೆ ಗೊತ್ತು.

"ಅಕ್ಕಾರ, ಗೋಡಿ ಹಿಡ್ಕಂಡು ಏಳ್ತೀರಲ್ಲ, ಮೊಣಕಾಲು ಸವದಾವ. ಯಜಮಾನ್ರ, ನಿಮಗ ಕಣ್ಣಾಗ ಪೊರಿ ಬಂದೈತಿ, ಚೀಟಿ ತಲಿಕೆಳಗ ಹಿಡ್ದೀರಿ!"

"ನಿನಗೇನಾಗೈತಪ್ಪಾ?" ಎಂದು ಆ ಅಕ್ಕ ಕೇಳಿದರೆ ಎದೆ ಸೆಟೆಸುತ್ತಾನೆ. "ನನಗಾ? ಗಟ್ಟಿ ಅದೀನಿ!"

ಇಂಥ ಮಾತುಗಾರ ಫೋನ್ ಮಾತ್ರ ಎತ್ತುವುದಿಲ್ಲ. ನನ್ನ ಹೆಂಡತಿ ತೀರಿಹೋದ ಮೇಲೆ, ಸಂಜೆ ಗ್ಯಾರೇಜಿನ ಶಟರ್ ಎಳೆದರೆ ನನಗೆ ಮಾತಾಡಲು ಇರುವವನು ಅವನೊಬ್ಬನೇ. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ಫೋನೇ ಸುಸ್ತಾಗುತ್ತದೆ. ಕೇಳಿದರೆ, "ಮುಖ ಇಲ್ದ ಮಾತು ಎಂಥಾ ಮಾತಲೇ? ಎದುರಿಗೆ ಬಾ!" ಎದುರಿಗೆ ಹೋದರೆ ಇನ್ನೊಂದು ತಕರಾರು: "ಆ ಮೀಸಿ ಬೋಳ್ಸಲೇ! ಬಾಯಿ ಎಲ್ಲೈತೋ ತಿಳಿವಲ್ದು!" ದುಡಿದು ಬೆಳೆಸಿದ ಮೀಸೆ ಬೋಳಿಸುವುದೇ? ಜೀವ ಹೋದರೂ ಇಲ್ಲ!

ಈ ಸಲ ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋಗಿದ್ದೆ. ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡ ಹೊಸ ಡಾಕ್ಟರಮ್ಮ ಏನೋ ಕೇಳಿದರು. ಮಾವ ಗುಡುಗಿದ. "ಮುಖ ತೋರ್ಸದ ಡಾಕ್ಟ್ರಿಗೆ ನಾ ಕೈ ತೋರ್ಸಂಗಿಲ್ಲ!"

ನನಗೆ ನಾಚಿಕೆಯೋ ನಾಚಿಕೆ. ಆಕೆ ಸಿಟ್ಟಾಗಲಿಲ್ಲ, ನನ್ನ ಕಡೆ ತಿರುಗಿದರು.

"ಎಲ್ಲಿ ಕೆಲಸ ಮಾಡ್ತಿದ್ರು ಇವರು?"

"ಅಕ್ಕಿ ಗಿರಣ್ಯಾಗ್ರಿ, ಚಿಗುರುಮೀಸಿ ಬಂದಾಗಿಂದ."

"ಆ ಗದ್ದಲದಾಗ ಹೆಂಗ ಮಾತಾಡ್ತಿದ್ರು?"

"ಮಾತು ಎಲ್ಲಿ ಕೇಳ್ತಾವ್ರಿ ಅಲ್ಲಿ? ತುಟಿ ನೋಡೇ ತಿಳ್ಕಂತಿದ್ರು..."

ಹೇಳುತ್ತ ಹೇಳುತ್ತ ನನಗೇ ಅನುಮಾನ ಬಂತು. ಆಕೆ ನನ್ನನ್ನು ಅವನ ಬೆನ್ನ ಹಿಂದೆ ನಿಲ್ಲಿಸಿ, ಕರೆಯಿರಿ ಎಂದು ಸನ್ನೆ ಮಾಡಿದರು.

"ಮಾವಾ!" ಎಂದೆ. ಇನ್ನೂ ಜೋರಾಗಿ, "ಮಾವಾ!"

ಹೊರಗಿನ ಬೆಂಚೆಲ್ಲ ತಿರುಗಿ ನೋಡಿತು. ಅವನೊಬ್ಬ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ.

ಡಾಕ್ಟರಮ್ಮ ಮಾಸ್ಕು ಇಳಿಸಿ ಅವನ ಎದುರು ಕೂತರು. "ಎಲ್ಲಾರ ರೋಗ ಹೇಳ್ತೀರಂತ. ನಿಮ್ಮ ಕಿವಿದು ಯಾಕ ಹೇಳ್ಲಿಲ್ಲ ಅಜ್ಜಾರ?"

ಮಾವ ಮೊದಲ ಸಲ ದನಿ ತಗ್ಗಿಸಿದ. "ಕಿವುಡನ ಕೂಡ ಯಾರು ಕುಂತು ಮಾತಾಡ್ತಾರವ್ವಾ? ನನಗ ಇರೋನು ಇವನೊಬ್ಬ. ಇವನೂ ಬರೋದು ಬಿಟ್ರ?"

ಬೆನ್ನ ಹಿಂದೆಯೇ ನಿಂತಿದ್ದೆ. ನಾನು ಮೂಗು ಎಳೆದದ್ದು ಅವನಿಗೆ ಕೇಳಿಸಲಿಲ್ಲ, ಪುಣ್ಯ!

ಕಿವಿಗೆ ಮಿಷನ್ನು ಬಂತು. "ಜೇನುಹುಳ ಹೊಕ್ಕಂಗ ಆಗ್ತೈತಿ" ಎಂದು ಅದನ್ನು ಡಬ್ಬಿಯಲ್ಲೇ ಮಲಗಿಸಿದ್ದಾನೆ. ಅದಕ್ಕೇ ಮುಖ ಕಾಣುವ ಫೋನ್ ಕೊಡಿಸಿದೆ. ಸಂಜೆ ಶಟರ್ ಎಳೆದ ಮೇಲೆ ದೀಪದ ಕೆಳಗೆ ಕೂತು ಕರೆ ಮಾಡುತ್ತೇನೆ. ಗಂಟೆಯ ಸದ್ದು ಬೇಕಿಲ್ಲ. ಆ ಹೊತ್ತಿಗೆ ಅವನು ಫೋನನ್ನೇ ದಿಟ್ಟಿಸಿಕೊಂಡು ಕೂತಿರುತ್ತಾನೆ.

ಈಗ ನನಗಿರುವುದು ಇಷ್ಟು: ಗ್ಯಾರೇಜು ಒಂದು, ಮಾವ ಒಬ್ಬ. ಮೀಸೆ ಇಲ್ಲ.